ಮಗುವಿನ ಕೆಮ್ಮು ಮತ್ತು ಮನೆಯ ಗೋಡೆ

ಕಳೆದ ಡಿಸೆಂಬರ್‌ನಲ್ಲಿ ಸಿಂದಗಿ ತಾಲೂಕಿನ ಒಂದು ಹಳ್ಳಿಯಿಂದ ಅತ್ತೆ-ಸೊಸೆ ಇಬ್ಬರೂ ನಾಲ್ಕು ವರ್ಷದ ಹುಡುಗನೊಬ್ಬನನ್ನು ನನ್ನ ದವಾಖಾನೆಗೆ ಕರೆದುಕೊಂಡು ಬಂದರು. ಮೂರು ತಿಂಗಳಿಂದ ಕೆಮ್ಮು. ರಾತ್ರಿ ಮಲಗಿದ ಮೇಲೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು. ಬೆಳಗಾದ ಮೇಲೆ ಹೊರಗೆ ಆಡಲು ಹೋದರೆ ಸ್ವಲ್ಪ ಆರಾಮ. ಮೂವರು ವೈದ್ಯರ ಔಷಧಿ ಚೀಟಿಗಳು ಅವರ ಕೈಚೀಲದಲ್ಲಿದ್ದವು.

"ಡಾಕ್ಟರ್ ಸಾಹೇಬ್ರ, ಹೊಸ ಮನಿಗೆ ಬಂದಾಗಿಂದ ಹಿಂಗ ಆಗೇದ್ರಿ. ಯಾರದರ ನಜರ್ ಬಿದ್ದಿರಬೇಕು. ಇಲ್ಲಾಂದ್ರ ಇಕಿ ಬಾಳೆಹಣ್ಣು, ಮೊಸರು ತಿನಸ್ತಾಳಲ್ರಿ, ಅದಕ್ಕ ಇರಬೇಕು" ಎಂದರು ಅತ್ತೆ. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು.

ನಾನು ಆಕೆಯನ್ನು ಕೇಳಿದೆ: "ತಂಗಿ, ಹುಡುಗ ಯಾವ ಖೋಲ್ಯಾಗ ಮಲಗತಾನ?"

ಒಳಗಿನ ಕೋಣೆಯಲ್ಲಿ. ಕಿಟಕಿ ಇದೆ, ಓಣಿಯ ಕಡೆಗೆ. ಹೋಗಿ ಬರುವವರಿಗೆ ಕಾಣುತ್ತದೆಂದು ಗೃಹಪ್ರವೇಶದ ದಿನದಿಂದಲೂ ಮುಚ್ಚಿಯೇ ಇದೆ. ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಕೋಣೆಗೆ ಹೊಂದಿಕೊಂಡೇ ಬಚ್ಚಲು. ರಾತ್ರಿ ಸೊಳ್ಳೆ ಬತ್ತಿ. ಮಗುವಿನ ಹಾಸಿಗೆಯ ಪಕ್ಕದ ಗೋಡೆಯ ಬಣ್ಣ ಉಬ್ಬಿ ಉದುರುತ್ತಿದೆ, ಮೇಲಿನ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಬಂದಿವೆ.

ಹುಡುಗನ ಎದೆ ಪರೀಕ್ಷಿಸಿ, ಮಕ್ಕಳ ತಜ್ಞರು ಬರೆದುಕೊಟ್ಟಿದ್ದ ಇನ್‌ಹೇಲರ್ ನಿಲ್ಲಿಸಬಾರದೆಂದು ಹೇಳಿ, ಒಂದು ಮಾತು ಸೇರಿಸಿದೆ: "ಔಷಧಿ ನಡೀಲಿ. ಆದರ ಈ ಸಲ ಆ ಖೋಲಿಗೂ ಔಷಧಿ ಮಾಡೋಣು."

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇದೇ ಸ್ಥಿತಿ ಇರುವುದರಿಂದ, ಆ ಕುಟುಂಬಕ್ಕೆ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಒಣ ಸೀಮೆಯಲ್ಲಿ ತೇವ ಎಲ್ಲಿಂದ ಬಂತು?

ತೇವ, ಬೂಷ್ಟು ಎಂದರೆ ಅದು ಮಂಗಳೂರು, ಮಲೆನಾಡಿನವರ ತೊಂದರೆ ಎಂದು ನಾವು ತಿಳಿದಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮಳೆ ಕಡಿಮೆ. ಅದರಲ್ಲಿಯೂ ಹೆಚ್ಚಿನದು ಸೆಪ್ಟೆಂಬರ್ ಆಸುಪಾಸಿನಲ್ಲಿ ಬೀಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥಲ್ಲಿ ಗೋಡೆ ಒದ್ದೆಯಾಗುವುದೆಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಆದರೆ ಕಳೆದ ಕೆಲವು ದಶಕಗಳಲ್ಲಿ ಎರಡು ದೊಡ್ಡ ಬದಲಾವಣೆಗಳಾಗಿವೆ.

ಮೊದಲನೆಯದು ನೀರು. ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಬರಬರುತ್ತ ಕಾಲುವೆಗಳು ಬಂದವು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಬಂದವು. ಇಂಡಿ ಶಾಖಾ ಕಾಲುವೆ ಹರಿಯಿತು. ನೀರು ಬಂದದ್ದು ದೊಡ್ಡ ನಿಅಮತ್, ಅದರಲ್ಲಿ ಅನುಮಾನವಿಲ್ಲ. ಆದರೆ ನೀರು ಹೆಚ್ಚಾಗಿ ನಿಂತ ಹೊಲ ಸವಳು-ಜವಳಾಗುವುದನ್ನು ನಮ್ಮ ರೈತರು ಬಲ್ಲರು. ಅದೇ ಕೆಲಸ ಮನೆಯ ಗೋಡೆಯಲ್ಲೂ ನಡೆಯುತ್ತದೆ. ನೆಲದೊಳಗಿನ ನೀರು, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಂಡಂತೆ, ಇಟ್ಟಿಗೆ-ಕಲ್ಲಿನ ಸಂದುಗಳಲ್ಲಿ ಮೇಲೇರುತ್ತದೆ. ನೀರು ಆರಿಹೋದ ಮೇಲೆ ಅದರಲ್ಲಿದ್ದ ಉಪ್ಪು ಗೋಡೆಯ ಮೇಲೆ ಬಿಳಿ ಹಿಟ್ಟಿನಂತೆ ಉಳಿಯುತ್ತದೆ.

ಎರಡನೆಯದು ಮನೆ ಕಟ್ಟುವ ರೀತಿ. ನಮ್ಮ ಅಜ್ಜಂದಿರ ಮನೆಗಳು ದಪ್ಪ ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯವು. ಅಡಿಗೆ ಮನೆಯ ಮೇಲೆ ಬೆಳಕಿಂಡಿ ಇರುತ್ತಿತ್ತು; ಹೊಗೆ, ಆವಿ ಎರಡೂ ಅದರಿಂದ ಮೇಲಕ್ಕೆ ಹೋಗುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ಆ ಮನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಒಳಗಿದ್ದವರು ಜೀವ ಕಳೆದುಕೊಂಡರು. ಆ ಹೆದರಿಕೆಯನ್ನು ಕಂಡವರು ಸ್ಲ್ಯಾಬಿನ ಮನೆ ಬೇಕು ಎಂದದ್ದು ಸರಿಯೇ. ಆದರೆ ಸ್ಲ್ಯಾಬ್ ಹಾಕುವಾಗ ಬೆಳಕಿಂಡಿಯನ್ನು ಮರೆತೆವು. ಗೋಡೆ ತೆಳುವಾಯಿತು, ಬಚ್ಚಲು ಮಲಗುವ ಕೋಣೆಯ ಒಳಗೆ ಬಂತು, ಕಿಟಕಿ ಇದ್ದರೂ ಮುಚ್ಚಿತು.

ತಿಬ್ಬ್ ಏನು ಹೇಳುತ್ತದೆ?

ಯುನಾನಿ ವೈದ್ಯದಲ್ಲಿ ಆರೋಗ್ಯ ಕಾಯಲು ಆರು ಅಗತ್ಯ ಕಾರಣಗಳನ್ನು ಹೇಳುತ್ತಾರೆ. ಅವಕ್ಕೆ ಅಸ್ಬಾಬ್-ಎ-ಸಿತ್ತಾ ಜರೂರಿಯಾ ಎಂದು ಹೆಸರು. ಊಟ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಬೇಡವಾದದ್ದು ಹೊರಹೋಗುವುದು ಮತ್ತು ಬೇಕಾದದ್ದು ಉಳಿಯುವುದು, ಇವು ಐದು. ಇವೆಲ್ಲಕ್ಕೂ ಮೊದಲು ಹೇಳುವುದು ಹವಾ, ಅಂದರೆ ನಮ್ಮ ಸುತ್ತಲಿನ ಗಾಳಿ.

ಇಬ್ನ್ ಸೀನಾ (980–1037) ಅವರು ತಮ್ಮ 'ಅಲ್-ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಒಳ್ಳೆಯ ಗಾಳಿಯ ಲಕ್ಷಣ ವಿವರಿಸುವಾಗ ಹೊಗೆ ಮತ್ತು ಆವಿ ಬೆರೆಯದ, ಗೋಡೆ-ಚಾವಣಿಗಳ ನಡುವೆ ಬಂಧಿಯಾಗದ ಗಾಳಿಯನ್ನು ಮೆಚ್ಚುತ್ತಾರೆ. ಹೊರಗಿನ ಗಾಳಿಯೇ ಕೆಟ್ಟಿದ್ದಾಗ ಮಾತ್ರ ಒಳಗಿರುವುದು ಲೇಸು ಎನ್ನುತ್ತಾರೆ. ಸಾವಿರ ವರ್ಷದ ಹಿಂದಿನ ಈ ಮಾತು ನಮ್ಮ ಕಾಲಕ್ಕೂ ಹೊಂದುತ್ತದೆ. ಹೊಲದಲ್ಲಿ ಕಬ್ಬಿನ ರವದಿ ಸುಡುವ ಹೊತ್ತಿನಲ್ಲಿ, ಧೂಳಿನ ಗಾಳಿ ಎದ್ದಾಗ ಕಿಟಕಿ ಮುಚ್ಚಿ. ಉಳಿದ ಹೊತ್ತು ತೆರೆಯಿರಿ.

ಅತಿಯಾದ ರುತೂಬತ್, ಅಂದರೆ ತೇವ, ಬಲ್ಗಮ್ ಅಂದರೆ ಕಫವನ್ನು ಹೆಚ್ಚಿಸುತ್ತದೆ. ಅದರಿಂದ ನಜ್ಲಾ, ಜುಕಾಮ್, ಕೆಮ್ಮು, ಉಬ್ಬಸ ಬರುತ್ತವೆ ಎಂಬುದು ನಮ್ಮ ಶಾಸ್ತ್ರದ ಭಾಷೆ. ಇಂದಿನ ವಿಜ್ಞಾನ ಇದನ್ನು ಬೇರೆ ಭಾಷೆಯಲ್ಲಿ ಹೇಳುತ್ತದೆ. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ, ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ಹಾರುತ್ತವೆ. ಹಾಸಿಗೆ, ದಿಂಬಿನಲ್ಲಿ ಧೂಳಿನ ಸಣ್ಣ ನುಸಿಗಳು ಹೆಚ್ಚುತ್ತವೆ. ಇವು ಅಲರ್ಜಿ ಇರುವವರ ಶ್ವಾಸನಾಳವನ್ನು ಕೆರಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಯಲ್ಲಿರುವವರಿಗೆ ಉಸಿರಾಟದ ತೊಂದರೆ ಮತ್ತು ಅಸ್ತಮಾ ಹೆಚ್ಚು ಎಂಬುದು ಅದರ ತಿರುಳು.

ತೇವ ಬರುವ ನಾಲ್ಕು ದಾರಿ

1. ನೆಲದಿಂದ: ಗೋಡೆಯ ಬುಡದಿಂದ ಎರಡು-ಮೂರು ಅಡಿಯವರೆಗೆ ಬಣ್ಣ ಉದುರಿ, ಬಿಳಿ ಉಪ್ಪು ಕಂಡರೆ ಅದು ನೆಲದ ನೀರು. ತಳಪಾಯದ ಮೇಲೆ ತೇವ ತಡೆಯುವ ಪದರ (ಮೇಸ್ತ್ರಿಗಳು ಡಿ.ಪಿ.ಸಿ. ಎನ್ನುತ್ತಾರೆ) ಹಾಕದಿರುವುದು ಇದಕ್ಕೆ ಕಾರಣ. ನಮ್ಮ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಆ ಎಳೆದಾಟದಲ್ಲಿ ಗೋಡೆ ಸೀಳಿದರೆ ನೀರಿಗೆ ಇನ್ನೊಂದು ದಾರಿ ಸಿಗುತ್ತದೆ.

2. ಮೇಲಿನಿಂದ: ಸ್ಲ್ಯಾಬಿನಲ್ಲಿ ಹಳದಿ-ಕಂದು ವೃತ್ತಗಳು ಕಂಡರೆ ಮೇಲೆ ನೀರು ನಿಲ್ಲುತ್ತಿದೆ. ಟಾಕಿ ತುಂಬಿ ಹರಿಯುವುದು, ಮಳೆನೀರು ಹೋಗುವ ಪೈಪಿನಲ್ಲಿ ಕಸ ಕಟ್ಟಿರುವುದು ಸಾಮಾನ್ಯ ಕಾರಣಗಳು.

3. ಪೈಪು-ಬಚ್ಚಲಿನಿಂದ: ಬಚ್ಚಲ ಹಿಂದಿನ ಗೋಡೆ ಮಾತ್ರ ಒದ್ದೆಯಾಗಿದ್ದರೆ ಪೈಪು ಸೋರುತ್ತಿರಬೇಕು ಅಥವಾ ಟೈಲ್ಸ್‌ನ ಸಂದು ಬಿಟ್ಟಿರಬೇಕು.

4. ನಮ್ಮಿಂದಲೇ: ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಒಂದು ಕೋಣೆಯಲ್ಲಿ ಆರು ಜನ ಎಂಟು ಗಂಟೆ ಮಲಗಿದರೆ ಸುಮಾರು ಎರಡು ಲೀಟರ್ ಆಯಿತು. ಗ್ಯಾಸ್ ಒಲೆಯಿಂದ ಹೊಗೆ ಇಲ್ಲ, ಆದರೆ ಆವಿ ಇದೆ: ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಎರಡು ದೊಡ್ಡ ಕೊಡದಷ್ಟು ನೀರು ಆವಿಯಾಗಿ ಮನೆಯೊಳಗೆ ಸೇರಿರುತ್ತದೆ. ಅನ್ನ, ಬೇಳೆ ಕುದಿಯುವಾಗ ಬರುವುದು, ಒಳಗೆ ಒಣಗಿಸುವ ಬಟ್ಟೆಯಿಂದ ಬರುವುದು ಇದಕ್ಕೆ ಸೇರಿತು.

ಈ ಆವಿ ಎಲ್ಲಿ ಹೋಗಬೇಕು? ಚಳಿಗಾಲದ ರಾತ್ರಿ ಸ್ಲ್ಯಾಬು ತಣ್ಣಗಾಗುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕೂಡುವಂತೆ ಸ್ಲ್ಯಾಬಿನ ಮೂಲೆಗಳಲ್ಲಿ, ಕಪಾಟಿನ ಹಿಂದಿನ ಗೋಡೆಯಲ್ಲಿ ಆವಿ ನೀರಾಗಿ ಕೂಡುತ್ತದೆ. ಅಲ್ಲಿಯೇ ಕಪ್ಪು ಚುಕ್ಕೆ ಏಳುತ್ತದೆ. ದಪ್ಪ ಮಣ್ಣಿನ ಮಾಳಿಗೆ ಇಷ್ಟು ಬೇಗ ತಣ್ಣಗಾಗುತ್ತಿರಲಿಲ್ಲ, ಅದಕ್ಕೇ ಹಳೆ ಮನೆಯಲ್ಲಿ ಈ ಚುಕ್ಕೆ ಕಂಡವರು ಕಡಿಮೆ.

ಬೇಸಿಗೆಯಲ್ಲಿ ಕೂಲರ್ ಹಾಕಿ ಬಾಗಿಲು-ಕಿಟಕಿ ಎಲ್ಲ ಮುಚ್ಚುವವರೂ ಇದ್ದಾರೆ. ಕೂಲರ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ಎದುರಿನ ಕಿಟಕಿ ತೆರೆದಿರದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮೈ ಜಿಗಿಜಿಗಿ ಎನ್ನುತ್ತದೆ, ಹಾಸಿಗೆಯೂ ತೇವ ಹಿಡಿಯುತ್ತದೆ. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಿ ತೊಳೆಯಿರಿ. ಡೆಂಗ್ಯೂ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ.

ತೇವದ ಜೊತೆಗೆ ಹೊಗೆ

ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಗ್ಯಾಸ್ ಬಂತು. ಆದರೂ ಸಿಲಿಂಡರ್ ತುಟ್ಟಿಯಾಯಿತೆಂದು ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯನ್ನೇ ಹಚ್ಚುವವರು ಬಹಳ. ಹೊಗೆಯ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ಹೆಂಗಸರಿಗೆ, ಒಂದು ಬೀಡಿಯನ್ನೂ ಸೇದದಿದ್ದರೂ, ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ ಅಪಾಯ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕಿಂತ ಹೆಚ್ಚು.

ಸೊಳ್ಳೆ ಬತ್ತಿಯನ್ನು ನಾವು ಹೊಗೆಯೆಂದು ಎಣಿಸುವುದೇ ಇಲ್ಲ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆದಿಂಬಿನ ಹತ್ತಿರ ಇದನ್ನು ಹಚ್ಚಬಾರದು. ಸೊಳ್ಳೆ ಪರದೆ ಎಲ್ಲಕ್ಕಿಂತ ಸುರಕ್ಷಿತ. ಊದು, ಲೋಬಾನ, ಅಗರಬತ್ತಿಯನ್ನೂ ಕಿಟಕಿ ತೆರೆದೇ ಹಚ್ಚಿ. ಉಬ್ಬಸ ಇರುವವರ ಮನೆಯಲ್ಲಿ ಅದೂ ಬೇಡ. ಸುವಾಸನೆ ಬೇಕಾದರೆ ಅತ್ತರು ಸಾಕು, ಅದನ್ನೂ ರೋಗಿಯಿಂದ ದೂರ.

ನಿಮ್ಮ ಮನೆಯನ್ನು ನೀವೇ ಪರೀಕ್ಷಿಸಿ

ಖರ್ಚಿಲ್ಲದ ಮೂರು ಪರೀಕ್ಷೆಗಳಿವೆ.

ಪ್ಲಾಸ್ಟಿಕ್ ಪರೀಕ್ಷೆ: ಒಂದು ಅಡಿ ಅಗಲ, ಒಂದು ಅಡಿ ಉದ್ದದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನ ಇರುವ ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆಗೆ ಹನಿ ಕೂಡಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ಆವಿ. ಮೊದಲನೆಯದಕ್ಕೆ ಮೇಸ್ತ್ರಿ ಬೇಕು. ಎರಡನೆಯದಕ್ಕೆ ಕಿಟಕಿ ತೆರೆದರೆ ಸಾಕು.

ಅಗರಬತ್ತಿ ಪರೀಕ್ಷೆ: ಕಿಟಕಿ ತೆರೆದು, ಫ್ಯಾನ್ ನಿಲ್ಲಿಸಿ, ಒಂದು ಅಗರಬತ್ತಿಯನ್ನು ಹಚ್ಚಿ ಕೋಣೆಯ ನಡುವೆ ಹಿಡಿಯಿರಿ. ಹೊಗೆ ಒಂದು ಕಡೆ ಸರಿದು ಹೋದರೆ ಗಾಳಿ ಆಡುತ್ತಿದೆ. ಹಾಗೇ ನೇರ ಮೇಲೇರಿ ಅಲ್ಲೇ ನಿಂತರೆ ಆ ಕೋಣೆಗೆ ಗಾಳಿ ಹೊರಹೋಗುವ ದಾರಿ ಇಲ್ಲ. ಗಾಳಿಗೆ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕು.

ಮೂಗಿನ ಪರೀಕ್ಷೆ: ಬೆಳಿಗ್ಗೆ ಫಜ್ರ್ ನಮಾಜಿಗೆ ಹೊರಗೆ ಹೋದವರು ಮರಳಿ ಕೋಣೆಯೊಳಗೆ ಕಾಲಿಟ್ಟಾಗ ಮಣ್ಣಿನ, ಹಳೆ ಬಟ್ಟೆಯ ವಾಸನೆ ಬಂದರೆ ಎಲ್ಲೋ ಬೂಷ್ಟಿದೆ. ಒಳಗೇ ಇದ್ದವರಿಗೆ ಆ ವಾಸನೆ ತಿಳಿಯುವುದಿಲ್ಲ.

ಬೇಕೆಂದರೆ ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು 30ರಿಂದ 60ರೊಳಗೆ ತೋರಿಸಿದರೆ ಒಳ್ಳೆಯದು.

ಪರದೆಯೂ ಇರಲಿ, ಗಾಳಿಯೂ ಬರಲಿ

ನಮ್ಮ ಮನೆಗಳಲ್ಲಿ ಕಿಟಕಿ ಮುಚ್ಚಲು ದೊಡ್ಡ ಕಾರಣ ಪರದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ದಿನವಿಡೀ ಮನೆಯೊಳಗೆ ಇರುವವರು ಹೆಂಗಸರು ಮತ್ತು ಮಕ್ಕಳು. ಗಂಡಸರು ಹೊಲ, ಅಂಗಡಿ, ಮಸೀದಿ ಎಂದು ಹೊರಗಿನ ಗಾಳಿ ಕುಡಿಯುತ್ತಾರೆ. ಹಾಗಾಗಿ ಮುಚ್ಚಿದ ಕಿಟಕಿಯ ಬೆಲೆಯನ್ನು ಹೆಂಗಸರು, ಮಕ್ಕಳೇ ತೆರುತ್ತಾರೆ.

ನಮ್ಮ ಹಿರಿಯರು ಇದಕ್ಕೆ ದಾರಿ ಕಂಡುಕೊಂಡಿದ್ದರು. ವಿಜಯಪುರಕ್ಕೆ ಹೋದಾಗ ಇಬ್ರಾಹಿಂ ರೋಜಾವನ್ನು ಮಕ್ಕಳಿಗೆ ತೋರಿಸುತ್ತೇವೆ. ಎರಡನೇ ಇಬ್ರಾಹಿಂ ಆದಿಲ್ ಶಾಹನ (ಆಳ್ವಿಕೆ 1580–1627) ಆ ಗೋರಿಯ ಕಿಟಕಿಗಳನ್ನು ಮುಂದಿನ ಸಲ ಗಮನವಿಟ್ಟು ನೋಡಿ. ಕಲ್ಲಿನಲ್ಲಿ ಅರಬಿ ಅಕ್ಷರಗಳನ್ನೇ ಜಾಲಿಯಾಗಿ ಕೊರೆದಿದ್ದಾರೆ. ಬೆಳಕು-ಗಾಳಿ ಒಳಗೆ ಬರುತ್ತವೆ, ಹೊರಗಿನ ಕಣ್ಣು ಬರುವುದಿಲ್ಲ. ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಛಜ್ಜಾಗಳನ್ನೂ ನೋಡಿ. ಮಳೆ ಗೋಡೆಗೆ ಬಡಿಯದಂತೆ ಅವು ಕಾಯುತ್ತವೆ. ಸುಲ್ತಾನನ ಹಣ ನಮ್ಮಲ್ಲಿಲ್ಲ, ಆದರೆ ಆ ಉಪಾಯ ನಮಗೂ ಎಟಕುತ್ತದೆ.

- ಸ್ಲ್ಯಾಬಿನ ಕೆಳಗೆ, ಏಳು ಅಡಿ ಎತ್ತರದಲ್ಲಿ ಸಿಮೆಂಟ್ ಜಾಲಿ ಕೂರಿಸಿ. ಅಷ್ಟು ಎತ್ತರದಲ್ಲಿ ಯಾರಿಗೂ ಒಳಗಿನದು ಕಾಣುವುದಿಲ್ಲ. ಬಿಸಿ ಗಾಳಿ, ಆವಿ ಮೇಲೇರುವುದರಿಂದ ಹೊರಹೋಗಲು ಅದೇ ಸರಿಯಾದ ಜಾಗ.
- ಓಣಿಯ ಕಡೆಯ ಕಿಟಕಿಗೆ ಕೆಳಭಾಗದಲ್ಲಿ ಮಬ್ಬು ಗಾಜು, ಮೇಲ್ಭಾಗ ತೆರೆಯುವಂತೆ ಮಾಡಿಸಿ. ಸೊಳ್ಳೆ ಜಾಳಿಗೆ ಹಾಕಿ.
- ಹಿತ್ತಲು ಅಥವಾ ಅಂಗಳದ ಕಡೆಗೆ ಒಂದು ದೊಡ್ಡ ಕಿಟಕಿ ಇಟ್ಟರೆ ಓಣಿಯ ಕಿಟಕಿಯ ಅಗತ್ಯವೇ ಕಡಿಮೆಯಾಗುತ್ತದೆ.

ಒಣ-ಬಿಸಿ ಪ್ರದೇಶಗಳಲ್ಲಿ ತೆರೆಯುವ ಕಿಟಕಿಗಳ ಅಳತೆ ಕೋಣೆಯ ನೆಲದ ಹತ್ತನೇ ಒಂದು ಭಾಗಕ್ಕೆ ಕಡಿಮೆ ಇರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಹತ್ತು ಅಡಿಗೆ ಹತ್ತು ಅಡಿಯ ಕೋಣೆಗೆ ಹತ್ತು ಚದರ ಅಡಿ. ಅಂದರೆ ಎರಡೂವರೆ ಅಡಿಗೆ ಎರಡು ಅಡಿಯ ಎರಡು ಕಿಟಕಿಗಳು, ಸಾಧ್ಯವಾದರೆ ಎದುರುಬದುರಾಗಿ.

ಇಂದೇ ಶುರು ಮಾಡಬಹುದಾದವು

1. ಬೆಳಿಗ್ಗೆ ಎದ್ದ ತಕ್ಷಣ ಅರ್ಧ ಗಂಟೆ ಎಲ್ಲ ಕಿಟಕಿ-ಬಾಗಿಲು ತೆರೆಯಿರಿ. ರಾತ್ರಿಯ ಎರಡು ಲೀಟರ್ ಆವಿ ಹೊರಹೋಗಲಿ. ಅಡಿಗೆಯ ಹೊತ್ತಿನಲ್ಲೂ ಹೀಗೇ ಮಾಡಿ.
2. ಬಟ್ಟೆಯನ್ನು ಮಾಳಿಗೆಯ ಮೇಲೆ ಅಥವಾ ಹಿತ್ತಲಲ್ಲಿ ಒಣಗಿಸಿ. ಮಲಗುವ ಕೋಣೆಯಲ್ಲಿ ಬೇಡ.
3. ಹಾಸಿಗೆ, ಕೌದಿ, ದಿಂಬುಗಳನ್ನು ವಾರಕ್ಕೊಮ್ಮೆ ನಮ್ಮ ಬಿರುಬಿಸಿಲಿಗೆ ಹಾಕಿ ಬಡಿಯಿರಿ. ಹೊದಿಕೆ, ದಿಂಬಿನ ಗವಸುಗಳನ್ನು ಬಿಸಿನೀರಿನಲ್ಲಿ ತೊಳೆಯಿರಿ.
4. ಕಪಾಟು, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ ಇಡಿ.
5. ಸ್ನಾನವಾದ ಮೇಲೆ, ವಜೂ ಮಾಡಿದ ಮೇಲೆ ನೆಲದ ನೀರನ್ನು ಬಳಿದು, ಬಚ್ಚಲ ಬಾಗಿಲು ಮುಚ್ಚಿ ಅದರ ಕಿಂಡಿ ತೆರೆದಿಡಿ.
6. ಅಂಗೈಯಷ್ಟು ಬೂಷ್ಟಿದ್ದರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಒಣ ಪೊರಕೆಯಿಂದ ಉಜ್ಜಿದರೆ ಬೀಜಕಣಗಳು ಮನೆ ತುಂಬಾ ಹರಡುತ್ತವೆ. ಉಬ್ಬಸದವರು, ಮಕ್ಕಳು ಆ ಹೊತ್ತಿಗೆ ಹೊರಗಿರಲಿ.
7. ಬ್ಲೀಚಿಂಗ್ ಪುಡಿ ಮತ್ತು ಬಚ್ಚಲು ತೊಳೆಯುವ ಆಸಿಡ್ ಎರಡನ್ನೂ ಎಂದಿಗೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

ಸ್ವಲ್ಪ ಖರ್ಚಿನಲ್ಲಿ: ಸೋರುವ ನಲ್ಲಿ, ಪೈಪು ಮೊದಲು ಸರಿಪಡಿಸಿ. ಅಡಿಗೆ ಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕಟ್ಟಿಗೆ ಒಲೆಯನ್ನು ಬಿಡಲಾಗದಿದ್ದರೆ ಅದನ್ನು ಹಿತ್ತಲಿಗೆ ಸಾಗಿಸಿ. ಗೋಡೆಯ ಹೊರಬದಿಯಲ್ಲಿ ನೀರು ನಿಲ್ಲದಂತೆ ಮಣ್ಣು ಹಾಕಿ ಹೊರಕ್ಕೆ ಇಳಿಜಾರು ಮಾಡಿ.

ತೇವದ ಗೋಡೆಗೆ ಆಯಿಲ್ ಪೇಂಟ್ ಬಳಿಯುವುದು, ಟೈಲ್ಸ್ ಹಚ್ಚುವುದು ಬಹಳ ಮಂದಿ ಮಾಡುವ ತಪ್ಪು. ನೀರು ಒಳಗೇ ಸಿಕ್ಕಿಬಿದ್ದು ಇನ್ನೂ ಮೇಲೇರುತ್ತದೆ. ಮೊದಲು ನೀರಿನ ದಾರಿ ಕಟ್ಟಿ, ಗೋಡೆಯನ್ನು ಪೂರ್ತಿ ಒಣಗಿಸಿ, ಆಮೇಲೆ ಸುಣ್ಣ ಬಳಿಯಿರಿ. ಸುಣ್ಣ ಗೋಡೆಯ ಉಸಿರು ಕಟ್ಟುವುದಿಲ್ಲ, ಬೂಷ್ಟನ್ನೂ ಸುಲಭವಾಗಿ ಬೆಳೆಯಗೊಡುವುದಿಲ್ಲ.

ಹೊಸ ಮನೆ ಕಟ್ಟುವವರು ಮೇಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ: ಡಿ.ಪಿ.ಸಿ. ಹಾಕುತ್ತೀರಾ? ಸ್ಲ್ಯಾಬಿನ ಮೇಲೆ ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಕೊಡುತ್ತೀರಾ? ಪ್ರತಿ ಕೋಣೆಗೆ ಗಾಳಿ ಬರುವ, ಹೋಗುವ ಎರಡು ದಾರಿ ಇವೆಯೇ? ಬಣ್ಣದ ಗೇಟಿಗೆ ಖರ್ಚು ಮಾಡುವ ಮೊದಲು ಇವು ಮುಗಿಯಲಿ. ಗೋಡೆ, ಪ್ಲಾಸ್ಟರ್ ಪೂರ್ತಿ ಒಣಗುವ ಮೊದಲು ಅವಸರದಿಂದ ಒಳಗೆ ಹೋಗಬೇಡಿ. ಹೊಸ ಸಿಮೆಂಟಿನಲ್ಲಿ ಬಹಳ ನೀರು ಉಳಿದಿರುತ್ತದೆ.

2020ರ ಅಕ್ಟೋಬರ್‌ನಂತೆ ಭೀಮೆ ಉಕ್ಕಿ ದಂಡೆಯ ಮನೆಗಳಿಗೆ ನೀರು ನುಗ್ಗಿದರೆ ನೆನಪಿಡಿ: ಒದ್ದೆ ವಸ್ತುವಿನಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಏಳಲು ಶುರುವಾಗುತ್ತದೆ. ನೀರು ಇಳಿದ ಕೂಡಲೇ ಎಲ್ಲವನ್ನೂ ಹೊರಗೆ ಹಾಕಿ ಒಣಗಿಸಬೇಕು. ಒಣಗದ ಹತ್ತಿ ಗಾದಿಯನ್ನು ಉಳಿಸಿಕೊಳ್ಳುವ ಆಸೆ ಬೇಡ.

ಬಾಣಂತಿ ಕೋಣೆ ಮತ್ತು ಸಿಗಡಿ

ಬಾಣಂತಿಗೆ ಗಾಳಿ ತಾಗಬಾರದೆಂದು ನಲವತ್ತು ದಿನ ಕೋಣೆಯ ಸಂದುಗಳಿಗೂ ಬಟ್ಟೆ ತುರುಕಿ, ಒಳಗೆ ಸಿಗಡಿಯಲ್ಲಿ ಇದ್ದಲಿನ ಕೆಂಡ ಇಟ್ಟು ಕಾಯಿಸುವ ರೂಢಿ ನಮ್ಮಲ್ಲಿದೆ. ತಾಯಿ-ಮಗುವನ್ನು ಬೆಚ್ಚಗಿಡಬೇಕು ಎಂಬ ಹಿರಿಯರ ಉದ್ದೇಶ ಒಳ್ಳೆಯದು. ಆದರೆ ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು, ಮಲಗಿದವರು ಮಲಗಿದಲ್ಲೇ ಸಾಯಬಹುದು. ಮಲಗುವ ಮೊದಲು ಮನೆಯಲ್ಲಿನ ಬೆಂಕಿಯನ್ನು ಆರಿಸಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ನಾವು ಬೆಂಕಿ ಅನಾಹುತಕ್ಕಷ್ಟೇ ಹೊಂದಿಸಿಕೊಳ್ಳುತ್ತೇವೆ; ಈ ಕಾಣದ ಅಪಾಯದಿಂದಲೂ ಆ ಕಲಿಕೆ ಕಾಪಾಡುತ್ತದೆ.

ಕೋಣೆಯನ್ನು ಹೊರಗಿನ ಕೆಂಡದಿಂದ ಕಾಯಿಸಿದ ಇಟ್ಟಿಗೆ ಅಥವಾ ಬಿಸಿನೀರಿನ ಚೀಲದಿಂದ ಬೆಚ್ಚಗೆ ಮಾಡಿ. ಅವು ಮಗುವಿನ ಮೈಗೆ ತಾಗದಿರಲಿ. ಮಗುವಿಗೆ ಟೋಪಿ, ಕಾಲುಚೀಲ ಹಾಕಿ ತಾಯಿಯ ಎದೆಗೆ ಅಪ್ಪಿ ಹಿಡಿಸಿ. ಮೇಲಿನ ಕಿಂಡಿ ತೆರೆದೇ ಇರಲಿ. ಬಚ್ಚಲೊಳಗಿನ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯ ಇದೆ. ಅದನ್ನು ಬಚ್ಚಲ ಹೊರಗೆ ಕೂರಿಸಬೇಕು.

ಮಸೀದಿ, ಮದರಸಾ ಸಮಿತಿಯವರಿಗೆ

ಹೌಜು, ವಜೂಖಾನೆಯ ಪಕ್ಕದ ಗೋಡೆ ಮತ್ತು ಕಾರ್ಪೆಟ್ ಅನ್ನು ತಿಂಗಳಿಗೊಮ್ಮೆ ಎತ್ತಿ ನೋಡಿ. ಒದ್ದೆ ಕಾಲಿನಲ್ಲಿ ಕಾರ್ಪೆಟ್ ಮೇಲೆ ಬರದಂತೆ ನಡುವೆ ಕಾಲೊರೆಸು ಹಾಸಿ. ಕಾರ್ಪೆಟ್ ಅನ್ನು ಬಿಸಿಲಿಗೆ ಹಾಕಿ. ಮಕ್ಕಳು ಸಾಲಾಗಿ ಮಲಗುವ ಮದರಸಾದ ಹಾಲ್‌ಗಳಲ್ಲಿ ಚಳಿಗಾಲದಲ್ಲೂ ಮೇಲಿನ ಕಿಂಡಿ ಮುಚ್ಚಬೇಡಿ. ಟಿ.ಬಿ. ಹರಡುವುದು ಗಾಳಿ ಆಡದ ಕೋಣೆಯಲ್ಲಿ ಹೆಚ್ಚು.

ವೈದ್ಯರ ಬಳಿ ಯಾವಾಗ?

ಮನೆ ಸರಿಪಡಿಸುವುದು ಔಷಧಿಗೆ ಬದಲಿಯಲ್ಲ. ಜೋಶಾಂದಾ ಕುಡಿದರೆ ಗಂಟಲಿಗೆ ಹಿತವಾಗಬಹುದು, ಆದರೆ ಉಬ್ಬಸದ ಮಗುವಿಗೆ ಬರೆದುಕೊಟ್ಟ ಇನ್‌ಹೇಲರ್ ನಿಲ್ಲಿಸಿ ಜೋಶಾಂದಾ ಕೊಡಬೇಡಿ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಮಗು ಶಾಂತವಾಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಹಾಲು-ನೀರು ಕುಡಿಯದಿದ್ದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಿ. ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ. ಪರೀಕ್ಷೆ ಮಾಡಿಸಿ, ಅದು ಉಚಿತ.

ಸಿಂದಗಿ ತಾಲೂಕಿನ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನ ತಂದೆ ಪುಣೆಯಲ್ಲಿ ಗಾರೆ ಕೆಲಸ ಮಾಡಿ ಕೂಡಿಸಿದ ಹಣದಿಂದ ಕಟ್ಟಿದ ಮನೆ ಅದು. ಹೊಸ ಮನೆಯಲ್ಲಿ ತಪ್ಪು ಇದೆ ಎಂದರೆ ಅವರಿಗೆ ನೋವಾಗುವುದು ಸಹಜ. ಆದರೂ ಆತ ಊರಿಗೆ ಬಂದಾಗ ತಾನೇ ಗೋಡೆ ಕೊರೆದು ಎರಡು ಕಡೆ ಜಾಲಿ ಕೂರಿಸಿದ, ಬಚ್ಚಲ ಪೈಪಿನ ಸೋರಿಕೆ ಹುಡುಕಿ ಮುಚ್ಚಿದ. ಬಟ್ಟೆಯ ಹಗ್ಗ ಮಾಳಿಗೆಗೆ ಹೋಯಿತು, ಸೊಳ್ಳೆ ಬತ್ತಿಯ ಜಾಗಕ್ಕೆ ಪರದೆ ಬಂತು. ಹುಡುಗ ಈಗಲೂ ಇನ್‌ಹೇಲರ್ ತೆಗೆದುಕೊಳ್ಳುತ್ತಾನೆ, ಮಕ್ಕಳ ತಜ್ಞರಿಗೆ ತೋರಿಸುತ್ತಲೇ ಇದ್ದಾರೆ. ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆ.

ಕೊನೆಯ ಸಲ ಬಂದಾಗ ಅತ್ತೆ ಹೇಳಿದರು: "ನಾ ಸುಮ್ಮನ ಸೊಸಿಗೆ ಅಂದೆ ನೋಡ್ರಿ, ಪಾಪ."

ನಿಮ್ಮ ಮನೆಯಲ್ಲೂ ಯಾರಾದರೂ ಬಿಡದೆ ಕೆಮ್ಮುತ್ತಿದ್ದರೆ ತಾಯಿಯನ್ನು ಬಯ್ಯುವ ಮೊದಲು, ನಜರ್ ಎಂದು ಅಳುಕುವ ಮೊದಲು, ಅವರು ಮಲಗುವ ಕೋಣೆಯ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ.